ಬಳ್ಳಾರಿಯಲ್ಲಿ ಕುಳಿತು ವಿಶ್ವದ ಲೆಕ್ಕ

ಗೆಲಾಕ್ಸಿಗಳ ದೂರ ಅಳೆಯಲು ಬೇಕಾದ ಅಂಕಿಗಳಿಗೆ ಇವತ್ತು ಯಾರೂ ಬೀಗ ಹಾಕಿಟ್ಟಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಪಾಚೆ ಪಾಯಿಂಟ್ ಎಂಬಲ್ಲಿ ಎರಡೂವರೆ ಮೀಟರ್ ಕನ್ನಡಿಯ ದೂರದರ್ಶಕವೊಂದಿದೆ. 1998ರಲ್ಲಿ ಮೊದಲ ಸಲ ಆಕಾಶಕ್ಕೆ ಕಣ್ಣು ತೆರೆದ ಅದು, ಆಕಾಶದ ಸರಿಸುಮಾರು ಮೂರನೇ ಒಂದು ಪಾಲಿನ ಚಿತ್ರ ತೆಗೆದಿದೆ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂದು ಆ ಕೆಲಸಕ್ಕೆ ಹೆಸರು. ಅದರ ಚಿತ್ರಗಳು, ಅಳತೆಗಳು ಎಲ್ಲವೂ ಸಾರ್ವಜನಿಕ. ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರು ತೆರೆಯುವ ಪಟ್ಟಿಯನ್ನೇ ನಮ್ಮ ಬಳ್ಳಾರಿಯ ಕೌಲ್‌ಬಜಾರಿನ ಹುಡುಗಿಯೂ ತೆರೆಯಬಹುದು. ಹಣ ಕಟ್ಟಬೇಕಿಲ್ಲ, ಶಿಫಾರಸು ಪತ್ರ ಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಈ ಮಾತು ಗೊತ್ತಾದ ದಿನ ನನಗೆ ಆದ ಸಂತೋಷ ಇನ್ನೂ ಆರಿಲ್ಲ.

ನಾನು ಬಳ್ಳಾರಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ತವರು ಸಿರುಗುಪ್ಪ, ಅಕ್ಕನನ್ನು ಕೊಟ್ಟಿದ್ದು ಕುರುಗೋಡಿಗೆ. ಮಷೀನ್ ಲರ್ನಿಂಗ್ ಎನ್ನುವುದನ್ನು ವಿಶ್ವವಿಜ್ಞಾನಕ್ಕೆ ಹೇಗೆ ಹಚ್ಚುತ್ತಾರೆ ಎಂದು ಕಲಿಯಲು ಕುಳಿತದ್ದು ನಲವತ್ತು ದಾಟಿದ ಮೇಲೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳುತ್ತಿದ್ದೆ: ಪಾಠ ಮಾಡುವ ಸಂಭಾವ್ಯತೆ, ಸರಾಸರಿ, ವಿಚಲನೆ ಇವೆಲ್ಲ ಎಲ್ಲಿ ದುಡಿಯುತ್ತವೆ ಅಂತ ಕಣ್ಣಾರೆ ನೋಡಬೇಕು.

ಖಗೋಳದವರಿಗೆ ಮಷೀನ್ ಲರ್ನಿಂಗ್ ಯಾಕೆ ಬೇಕಾಯಿತು ಎನ್ನುವುದಕ್ಕೆ ಕಾರಣ ಸರಳ: ಆಕಾಶದಿಂದ ಬರುವ ಮಾಹಿತಿ ಮನುಷ್ಯರ ಕಣ್ಣಿಗೆ ಮೀರಿಹೋಯಿತು. 2007ರಲ್ಲಿ 'ಗೆಲಾಕ್ಸಿ ಝೂ' ಎಂಬ ಯೋಜನೆ ಶುರುವಾದಾಗ ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು, ಇದು ಸುರುಳಿಯೋ ಮೊಟ್ಟೆಯಾಕಾರವೋ ಹೇಳಿ ಎಂದು ಕೇಳಿದರು. ಜಗತ್ತಿನ ಮೂಲೆಮೂಲೆಯಿಂದ ಜನ ಕುಳಿತು ವಿಂಗಡಿಸಿಕೊಟ್ಟರು. ಆದರೆ ಚಿಲಿ ದೇಶದ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿತಲ್ಲ, ಅದರ ಕ್ಯಾಮೆರಾ 3,200 ಮೆಗಾಪಿಕ್ಸೆಲ್‌ನದು. ಒಂದು ರಾತ್ರಿಗೆ ಸುಮಾರು 20 ಟೆರಾಬೈಟ್ ಮಾಹಿತಿ, ಅದೂ ಹತ್ತು ವರ್ಷ. ಅದರ ಮುಂದೆ ಊರು ಊರೇ ಕುಳಿತರೂ ವಿಂಗಡಣೆ ಮುಗಿಯದು.

ಹೊಸಬರಿಗೆ ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ದೊಡ್ಡ ಪ್ರಶ್ನೆ. ನಾನು ಹಿಡಿದದ್ದು ಹಳೆಯ, ಚೆನ್ನಾಗಿ ಸವೆದ ದಾರಿ: ಗೆಲಾಕ್ಸಿಯ ಬಣ್ಣ ನೋಡಿ ಅದರ ಕೆಂಪು ಪಲ್ಲಟ ಊಹಿಸುವುದು. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಗೆಲಾಕ್ಸಿಯ ಬೆಳಕು ನಮ್ಮನ್ನು ಮುಟ್ಟುವ ಹೊತ್ತಿಗೆ ಅಲೆಯುದ್ದ ಹಿಗ್ಗಿ ಕೆಂಪಿನ ಕಡೆ ಸರಿದಿರುತ್ತದೆ. ಎಷ್ಟು ಸರಿದಿದೆಯೋ ಅಷ್ಟು ದೂರ. ಪಲ್ಲಟ 0.1 ಎಂದರೆ ಆ ಬೆಳಕು ಹೊರಟು ಸುಮಾರು 130 ಕೋಟಿ ವರ್ಷಗಳಾದವು ಎಂದು ಅರ್ಥ. ಸರಿಯಾಗಿ ಅಳೆಯಬೇಕೆಂದರೆ ಒಂದೊಂದು ಗೆಲಾಕ್ಸಿಯ ರೋಹಿತ ತೆಗೆಯಬೇಕು, ಅಂದರೆ ಬೆಳಕನ್ನು ಎಳೆಎಳೆಯಾಗಿ ಬಿಡಿಸಬೇಕು. ಅಪಾಚೆ ಪಾಯಿಂಟ್‌ನಲ್ಲಿ ಇದಕ್ಕಾಗಿ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಪ್ರತಿ ಗೆಲಾಕ್ಸಿಯ ಜಾಗಕ್ಕೆ ಸರಿಯಾಗಿ ತೂತು ಕೊರೆದು, ತೂತಿಗೊಂದರಂತೆ ಗಾಜಿನ ಎಳೆಯನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಮೊದಮೊದಲು ಒಂದು ತಟ್ಟೆಗೆ 640 ಎಳೆ. ಹಗಲೆಲ್ಲ ಕುಳಿತು ಸಿಕ್ಕಿಸುವವರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ನಾವು ಒಂದು ಕ್ಷಣದಲ್ಲಿ ಇಳಿಸಿಕೊಳ್ಳುವ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಒಬ್ಬರ ಬೆರಳಿನ ಕೆಲಸವಿದೆ.

ರೋಹಿತಕ್ಕೆ ಹೊತ್ತು ಹಿಡಿಯುತ್ತದೆ. ಚಿತ್ರ ಬೇಗ ಆಗುತ್ತದೆ. ಹಾಗಾಗಿ ಐದು ಶೋಧಕ ಗಾಜುಗಳ ಮೂಲಕ ತೆಗೆದ ಐದು ಚಿತ್ರಗಳಿಂದಲೇ ಪಲ್ಲಟವನ್ನು ಊಹಿಸಲು ಬಂದರೆ ಕೋಟಿಗಟ್ಟಲೆ ಗೆಲಾಕ್ಸಿಗಳ ದೂರ ಸಿಕ್ಕಿಬಿಡುತ್ತದೆ. ಯು, ಜಿ, ಆರ್, ಐ, ಝಡ್ ಎಂದು ಆ ಐದು ಗಾಜುಗಳಿಗೆ ಹೆಸರು. ನೇರಳೆಯ ಆಚೆಯಿಂದ ಹಿಡಿದು ಕೆಂಪಿನ ಆಚೆವರೆಗೆ. ಪಟ್ಟಿಯಲ್ಲಿ ಪ್ರತಿ ಸಾಲೂ ಒಂದು ಗೆಲಾಕ್ಸಿ, ಐದು ಕಾಲಂ ಐದು ಗಾಜಿನಲ್ಲಿ ಕಂಡ ಉಜ್ವಲತೆ, ಆರನೆಯ ಕಾಲಂ ರೋಹಿತದಿಂದ ಅಳೆದ ನಿಜವಾದ ಪಲ್ಲಟ. ಪಕ್ಕಪಕ್ಕದ ಕಾಲಂಗಳನ್ನು ಕಳೆದರೆ ಬರುವುದೇ ಖಗೋಳದವರು ಹೇಳುವ 'ಬಣ್ಣ'. ಈ ಬಣ್ಣಗಳನ್ನು ಯಂತ್ರಕ್ಕೆ ತೋರಿಸಿ, ಆರನೆಯ ಕಾಲಂ ಏನೆಂದು ಹೇಳು ಎಂದು ಕಲಿಸಬೇಕು.

ನಾನು ಬಳಸಿದ್ದು ರ‍್ಯಾಂಡಮ್ ಫಾರೆಸ್ಟ್ ಎಂಬ ವಿಧಾನ. ನೂರಾರು ಪ್ರಶ್ನೆಗಳ ಮರಗಳು. ಜಿ ಕಳೆ ಆರ್ ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ, ಆರ್ ಕಳೆ ಐ ಇಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳುತ್ತ ಕೇಳುತ್ತ ಕವಲೊಡೆದು ಕೊನೆಗೆ ಒಂದು ಅಂಕಿಗೆ ಬರುತ್ತವೆ. ಎಲ್ಲ ಮರಗಳ ಉತ್ತರದ ಸರಾಸರಿಯೇ ಅಂತಿಮ ಉತ್ತರ. ಪೈಥಾನ್‌ನಲ್ಲಿ ಬರೆದರೆ ಹತ್ತಿಪ್ಪತ್ತು ಸಾಲು, ಅಷ್ಟೇ. ಬ್ರೌಸರಿನಲ್ಲಿಯೇ ಓಡುತ್ತದೆ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕಂಪ್ಯೂಟರ್ ಕಾಯುವ ಭಯವೂ ಇಲ್ಲ, ಲೆಕ್ಕ ನಡೆಯುವುದು ದೂರದ ಇನ್ನಾವುದೋ ಯಂತ್ರದಲ್ಲಿ.

ಲೆಕ್ಕ ಮುಗಿದ ಮೇಲೆ ಆ ಮರಗಳನ್ನೇ ತಿರುಗಿ ಕೇಳಬಹುದು: ಯಾವ ಬಣ್ಣ ನಿಮಗೆ ಹೆಚ್ಚು ಉಪಯೋಗವಾಯಿತು? ಜಿ ಕಳೆ ಆರ್ ಎಂದು ಉತ್ತರ ಬಂತು. ಅದರ ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಈ ಇಡೀ ಕಲಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ವಯಸ್ಸಾದ ನಕ್ಷತ್ರಗಳು ತುಂಬಿರುವ ಗೆಲಾಕ್ಸಿಯ ರೋಹಿತದಲ್ಲಿ 4000 ಆಂಗ್‌ಸ್ಟ್ರಾಂ ಅಲೆಯುದ್ದದ ಹತ್ತಿರ ಒಂದು ಮೆಟ್ಟಿಲಿದೆ. ಅದಕ್ಕಿಂತ ನೀಲಿಯ ಕಡೆಯ ಬೆಳಕನ್ನು ನಕ್ಷತ್ರಗಳ ಹೊರಪದರದಲ್ಲಿರುವ ಕ್ಯಾಲ್ಸಿಯಂ, ಕಬ್ಬಿಣದಂಥ ಧಾತುಗಳು ಹೀರಿಕೊಳ್ಳುತ್ತವೆ, ಹಾಗಾಗಿ ಅಲ್ಲಿ ಬೆಳಕು ತಟ್ಟನೆ ತಗ್ಗುತ್ತದೆ. ಗೆಲಾಕ್ಸಿ ದೂರ ಹೋದಷ್ಟೂ ಈ ಮೆಟ್ಟಿಲು ಕೆಂಪಿನ ಕಡೆ ಸರಿಯುತ್ತದೆ. ಪಲ್ಲಟ 0.1 ಆದರೆ 4400ಕ್ಕೆ, 0.4 ಆದರೆ 5600ಕ್ಕೆ. ಅಂದರೆ ಜಿ ಗಾಜನ್ನು ದಾಟಿ ಆರ್ ಗಾಜಿನೊಳಗೆ ಕಾಲಿಡುತ್ತದೆ. ಜಿ ಮಸುಕಾಗುತ್ತದೆ, ಆರ್ ಉಳಿಯುತ್ತದೆ, ವ್ಯತ್ಯಾಸ ಏರುತ್ತದೆ. ಕ್ಯಾಲ್ಸಿಯಂ ಎಂದರೇನು, ನಕ್ಷತ್ರ ಎಂದರೇನು ಎಂದು ಯಾರೂ ಆ ಮರಗಳಿಗೆ ಹೇಳಿರಲಿಲ್ಲ. ಆದರೂ ಅವು ಮೆಟ್ಟಿಲಿನ ಜಾಡು ಹಿಡಿದಿದ್ದವು.

ಈ ಮಾತನ್ನು ಸಿರುಗುಪ್ಪದಲ್ಲಿ ನಮ್ಮ ಮಾವನಿಗೆ ಹೇಳಿದೆ. ಮಾವ ಅಂದರೆ ಅವ್ವನ ತಮ್ಮ. ತುಂಗಭದ್ರೆಯ ನೀರು ಕುಡಿದು ಬೆಳೆಯುವ ಸೋನಾ ಮಸೂರಿ ಭತ್ತ ಬಂದು ಬೀಳುವ ಒಂದು ರೈಸ್‌ಮಿಲ್ಲಿನಲ್ಲಿ ಅವನು ಸಾರ್ಟೆಕ್ಸ್ ಮಷಿನ್ನಿನ ಮುಂದೆ ನಿಲ್ಲುವವನು. ಪಾಲಿಶ್ ಆದ ಅಕ್ಕಿ ಮೇಲಿನಿಂದ ಓರೆ ತಗಡಿನ ಕಾಲುವೆಗಳಲ್ಲಿ ಒಂದೊಂದೇ ಕಾಳಾಗಿ ಜಾರಿ ಬರುತ್ತದೆ. ಕೆಳಗೆ ದೀಪ, ದೀಪದ ಎದುರು ಕ್ಯಾಮೆರಾ. ಕಪ್ಪಾದ ಕಾಳು, ಹಳದಿಗೆ ತಿರುಗಿದ ಕಾಳು, ಕಲ್ಲು ಯಾವುದು ಕಂಡರೂ ಆ ಕ್ಷಣಕ್ಕೆ 'ಟಕ್' ಎಂದು ಗಾಳಿ ಊದಿ ಅದೊಂದನ್ನೇ ಪಕ್ಕಕ್ಕೆ ಹಾರಿಸುತ್ತದೆ. ಸಾವಿರಾರು ಟಕ್ ಟಕ್ ಸೇರಿ ಮಳೆಯ ಸದ್ದಾಗಿಬಿಡುತ್ತದೆ. ಬಿಳಿ ಅಕ್ಕಿ ಒಂದು ಬಾಯಿಂದ, ರಿಜೆಕ್ಷನ್ ಇನ್ನೊಂದು ಬಾಯಿಂದ. ನಾನು ಮಾಡುತ್ತಿರುವುದೂ ಇದೇ ಮಾವ, ಬಣ್ಣ ನೋಡಿ ಗೆಲಾಕ್ಸಿ ಆರಿಸುವುದು ಅಂದೆ.

ಅವನು ರಿಜೆಕ್ಷನ್ ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದ. ಅದರಲ್ಲಿ ಒಳ್ಳೆಯ ಕಾಳೂ ಇದ್ದವು. "ಮಷಿನ್ನಿಗೆ ಅಕ್ಕಿ ಅಂದ್ರೇನು ಗೊತ್ತೈತೇನವ್ವ? ನಾನು ಏನು ಸೆಟ್ಟಿಂಗ್ ಕೊಡ್ತೀನೋ ಅದನ್ನು ನೋಡ್ತೈತಿ. ಕಚ್ಚಾ ಅಕ್ಕಿ ಸೆಟ್ಟಿಂಗಿನಾಗ ಸ್ಟೀಮ್ ಅಕ್ಕಿ ಬಿಟ್ಟಿ ಅಂದ್ರ ಒಳ್ಳೇದನ್ನೂ ಊದಿ ಒಗೀತೈತಿ. ಅದಕ ಲಾಟ್ ಬದಲಾದಾಗೊಮ್ಮೆ ಈ ಚೀಲದಾಗ ಕೈ ಹಾಕಿ ನೋಡೋದು."

ಪುಸ್ತಕಗಳು ಅಧ್ಯಾಯಗಟ್ಟಲೆ ಬರೆದದ್ದನ್ನು ಮಾವ ಇಷ್ಟರಲ್ಲಿ ಹೇಳಿದ್ದ. ಯಂತ್ರವನ್ನು ಯಾವ ಲಾಟಿನ ಮೇಲೆ ಕಲಿಸಿದ್ದೇವೆ, ಯಾವ ಲಾಟಿನ ಮೇಲೆ ಓಡಿಸುತ್ತಿದ್ದೇವೆ? ಮಷೀನ್ ಲರ್ನಿಂಗ್‌ನ ಅರ್ಧ ವಿವೇಕ ಈ ಪ್ರಶ್ನೆಯಲ್ಲಿದೆ. ವಿಶ್ವವಿಜ್ಞಾನದಲ್ಲಂತೂ ಮುಕ್ಕಾಲು ಪಾಲು ಎಂದೇ ನನ್ನ ಅಭಿಪ್ರಾಯ.

ಸ್ಲೋನ್ ಸರ್ವೆಯವರು ರೋಹಿತ ತೆಗೆಯಲು ಮುಖ್ಯವಾಗಿ ಆರಿಸಿಕೊಂಡದ್ದು ಆರ್ ಗಾಜಿನಲ್ಲಿ 17.77ಕ್ಕಿಂತ ಪ್ರಕಾಶವಾದ ಗೆಲಾಕ್ಸಿಗಳನ್ನು. ಹೆಚ್ಚಿನವು 0.1ರ ಆಸುಪಾಸಿನ ಪಲ್ಲಟದವು, ಅಂದರೆ ನೆರೆಹೊರೆಯವು. ರೂಬಿನ್ ವೀಕ್ಷಣಾಲಯ ತನ್ನ ಮುಖ್ಯ ಲೆಕ್ಕಕ್ಕೆ ತೆಗೆದುಕೊಳ್ಳಲಿರುವುದು ಐ ಗಾಜಿನಲ್ಲಿ 25.3ರವರೆಗಿನ ಗೆಲಾಕ್ಸಿಗಳನ್ನು. ಉಜ್ವಲತೆಯ ಈ ಮಾಪಕದಲ್ಲಿ ಅಂಕಿ ಏರಿದಷ್ಟೂ ಬೆಳಕು ಕಡಿಮೆ. ಗಾಜು ಬೇರೆಯಾದರೂ ಸ್ಥೂಲವಾಗಿ ಇದು ಸಾವಿರ ಪಟ್ಟು ಮಂಕು. ಅಷ್ಟು ಮಂಕಾದವುಗಳಲ್ಲಿ ಬಹುಪಾಲಿಗೆ ರೋಹಿತವೇ ಇರುವುದಿಲ್ಲ. ಪ್ರಕಾಶವಾದವುಗಳ ಮೇಲೆ ಕಲಿತ ಯಂತ್ರ ಮಂಕಾದವುಗಳ ಬಗ್ಗೆ ಏನು ಹೇಳೀತು? ಇದನ್ನು ನೋಡಲೆಂದೇ ನಾನು ಪಟ್ಟಿಯನ್ನು ಎರಡು ಮಾಡಿದೆ. ಪಲ್ಲಟ 0.2ಕ್ಕಿಂತ ಕಡಿಮೆಯಿರುವವನ್ನು ಮಾತ್ರ ಕಲಿಸಲು ಇಟ್ಟುಕೊಂಡು, 0.3 ದಾಟಿದವನ್ನು ಪರೀಕ್ಷೆಗೆ ಕೊಟ್ಟೆ. ಬಂದ ಉತ್ತರಗಳೆಲ್ಲ 0.2ರ ಒಳಗೇ. ಒಂದಾದರೂ ಆಚೆ ಜಿಗಿಯಲಿಲ್ಲ. ರ‍್ಯಾಂಡಮ್ ಫಾರೆಸ್ಟ್ ಕೊಡುವುದು ತಾನು ಕಂಡ ಅಂಕಿಗಳ ಸರಾಸರಿ. ಕಂಡದ್ದರ ಗರಿಷ್ಠವನ್ನು ಅದು ಎಂದೂ ಮೀರಲಾರದು. ಕಲಿತ ಪಟ್ಟಿಯೊಳಗೆ ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತರ ಮೇಲೆ ಅಂಕ ಬಂದಂತೆ ಕಾಣುತ್ತದೆ. ಆ ಅಂಕ ನೋಡಿ ಹಿಗ್ಗುವ ಹೊಸಬರಿಗೆ ಈ ಎರಡು ಪಟ್ಟಿಯ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮಾಡಿಸಬೇಕು. ಅನೇಕ ಕೋರ್ಸುಗಳು ಇದನ್ನು ಕೊನೆಗೆ ತಳ್ಳಿ, ಮೊದಲೇ ನ್ಯೂರಲ್ ನೆಟ್‌ವರ್ಕ್ ಎಂಬ ಇನ್ನೂ ಜಟಿಲವಾದ ಜಾಲ ಕಟ್ಟಿಸಲು ಹೊರಡುತ್ತವೆ. ಅದು ತಿರುವುಮುರುವು.

ಪಟ್ಟಿಯಲ್ಲಿ ಮುಳುಗಿದವರಿಗೆ ಆಕಾಶವನ್ನೂ ಆಗಾಗ ನೋಡುವ ಅಭ್ಯಾಸ ಬೇಕು. ಕುರುಗೋಡಿನಲ್ಲಿ ಅಕ್ಕನ ಮನೆಯ ಮಾಳಿಗೆ ಅದಕ್ಕೆ ಒಳ್ಳೆಯ ಜಾಗ. ದಕ್ಷಿಣಕ್ಕೆ ಬಳ್ಳಾರಿಯ ದೀಪಗಳು, ನೈರುತ್ಯಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಕು ಆಕಾಶವನ್ನು ಕೆಂಪಗೆ ಮಾಡಿರುತ್ತವೆ; ಉತ್ತರ ಮಾತ್ರ ಇನ್ನೂ ಕಪ್ಪಾಗಿದೆ. ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ರಾತ್ರಿ ಎಂಟರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ ಕ್ಯಾಸಿಯೋಪಿಯಾದ ಐದು ನಕ್ಷತ್ರಗಳ ಮೇಲ್ಗಡೆ ಒಂದು ಮಸುಕು ಕಲೆ ಕಾಣುತ್ತದೆ. ಅದೇ ಆಂಡ್ರೊಮಿಡಾ ಗೆಲಾಕ್ಸಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ಅಕ್ಕನ ಮಗನಿಗೆ ತೋರಿಸಿ, ಇದು ನಮ್ಮಿಂದ ದೂರ ಓಡುತ್ತಿದೆಯೋ ಹತ್ತಿರ ಬರುತ್ತಿದೆಯೋ ಎಂದು ಕೇಳಿದೆ. "ವಿಶ್ವ ಹಿಗ್ತೈತಿ ಅಂದೀರಲ್ಲ ಚಿಕ್ಕಮ್ಮ, ಮತ್ತ ದೂರನೇ ಹೋಗ್ಬೇಕು" ಅಂದ. ಇಲ್ಲ. 1912ರಲ್ಲಿ ವೆಸ್ಟೊ ಸ್ಲೈಫರ್ ಎಂಬ ಅಮೆರಿಕದ ವಿಜ್ಞಾನಿ ಅದರ ರೋಹಿತ ತೆಗೆದಾಗ ಗೆರೆಗಳು ನೀಲಿಯ ಕಡೆ ಸರಿದಿದ್ದವು. ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಅದು ನಮ್ಮತ್ತ ಬರುತ್ತಿದೆ. ಇಷ್ಟು ಹತ್ತಿರದಲ್ಲಿ ಹಿಗ್ಗುವಿಕೆಗಿಂತ ಗುರುತ್ವದ ಸೆಳೆತವೇ ಬಲ. ಕುರುಗೋಡಿನ ಮಾಳಿಗೆಯಿಂದ ಬರಿಗಣ್ಣಿಗೆ ಕಾಣುವ ಈ ದೊಡ್ಡ ಗೆಲಾಕ್ಸಿಯೇ ವಿಸ್ತರಣೆಯ ನಿಯಮಕ್ಕೆ ಹೊರತು. ಹೊರತಾದದ್ದು ಯಾಕೆ ಹೊರತು ಎಂದು ಗೊತ್ತಿಲ್ಲದವರ ಕೈಗೆ ಪಟ್ಟಿ ಕೊಟ್ಟರೆ, ಪಲ್ಲಟಕ್ಕೆ ಋಣ ಚಿಹ್ನೆಯಿರುವ, ಅಂದರೆ ನಮ್ಮತ್ತ ಬರುವ ಗೆಲಾಕ್ಸಿಗಳ ಸಾಲುಗಳನ್ನೆಲ್ಲ ಕೊಳೆ ಎಂದು ಅಳಿಸಿಬಿಡುತ್ತಾರೆ.

ಆಕಾಶದ ಲೆಕ್ಕದಿಂದ ಇನ್ನೊಂದು ಲೆಕ್ಕವನ್ನು ಒರೆಗೆ ಹಚ್ಚುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್ ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವರು. ಅವರು ಶಂಕರ ಬಾಲಕೃಷ್ಣ ದೀಕ್ಷಿತರೊಂದಿಗೆ ಸೇರಿ 1896ರಲ್ಲಿ ಭಾರತೀಯ ಪಂಚಾಂಗದ ಮೇಲೆ ದೊಡ್ಡ ಗ್ರಂಥ ತಂದರು. 1898ರಲ್ಲಿ ಭಾರತದಲ್ಲಿ ಕಂಡ ಚಂದ್ರಗ್ರಹಣಗಳ ಪಟ್ಟಿಗಳನ್ನು ಪ್ರಕಟಿಸಿದರು. ಗ್ರಹಣದ ದಿನ ದಾನ ಕೊಟ್ಟೆವು ಎಂದು ಬರೆಸಿದ ಶಾಸನಗಳು ನಮ್ಮ ನಾಡಿನ ಉದ್ದಕ್ಕೂ ಇವೆ. ಆ ದಿನ ನಿಜವಾಗಿ ಗ್ರಹಣ ಇತ್ತೇ ಎಂದು ಯಾರು ಬೇಕಾದರೂ ಕೂಡಿ ಕಳೆದು ನೋಡಲು ಆ ಪಟ್ಟಿಗಳು ದಾರಿ ಮಾಡಿದವು. ಶಾಸನ ಹೇಳುವುದು ಒಂದು ಸಾಕ್ಷಿ, ಆಕಾಶ ಇನ್ನೊಂದು. ಎರಡೂ ಕೂಡಿದಾಗ ಮಾತು ಗಟ್ಟಿ. ಯಂತ್ರ ಊಹಿಸಿದ ಪಲ್ಲಟಕ್ಕೂ ಅಂಥದೇ ಬೇರೆ ಸಾಕ್ಷಿ ಬೇಕು.

ಹೀಗೆ ಸಾಕ್ಷಿ ಕೇಳಿದ ಒಂದು ದೊಡ್ಡ ಪ್ರಸಂಗ ನಮ್ಮ ಕರ್ನಾಟಕದಲ್ಲೇ ನಡೆಯಿತು. ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದಲ್ಲಿ ಎಲ್ಲೆಡೆ ತುಂಬಿದ್ದ ಹೈಡ್ರೋಜನ್ ಅನಿಲ 1420 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯಲ್ಲಿ ತನ್ನ ಗುರುತು ಬಿಟ್ಟಿರಬೇಕು. ವಿಶ್ವ ಹಿಗ್ಗಿದ್ದರಿಂದ ಆ ಗುರುತು ಇವತ್ತು ನೂರಕ್ಕಿಂತ ಕಡಿಮೆ ಮೆಗಾಹರ್ಟ್ಸ್‌ಗೆ ಇಳಿದಿರುತ್ತದೆ. 2018ರಲ್ಲಿ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ಜಸ್ ಎಂಬ ಪ್ರಯೋಗದವರು 78 ಮೆಗಾಹರ್ಟ್ಸ್ ಹತ್ತಿರ ಅದು ಸಿಕ್ಕಿತು ಎಂದು ಸಾರಿದರು. 1420ನ್ನು 78ರಿಂದ ಭಾಗಿಸಿ: 18.2. ಒಂದು ಕಳೆದರೆ ಪಲ್ಲಟ 17.2. ಪಿಯುಸಿ ಮಕ್ಕಳೂ ಮಾಡುವ ಈ ಭಾಗಾಕಾರ ನಮ್ಮನ್ನು ಮಹಾಸ್ಫೋಟವಾಗಿ ಸುಮಾರು 22 ಕೋಟಿ ವರ್ಷಗಳಾದ ಕಾಲಕ್ಕೆ ಕೊಂಡೊಯ್ಯುತ್ತದೆ. ಆದರೆ ಸಿಕ್ಕ ಸಂಕೇತದ ತಗ್ಗು ಸಿದ್ಧಾಂತ ಹೇಳಿದ್ದಕ್ಕಿಂತ ಬಹಳ ಆಳವಾಗಿತ್ತು. ಹೊಸ ಭೌತವಿಜ್ಞಾನವೇ ಬೇಕಾದೀತು ಎಂದು ಜಗತ್ತು ಮಾತಾಡಿಕೊಂಡಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ತಮ್ಮದೇ ಆಂಟೆನಾ ಕಟ್ಟಿ ಪರೀಕ್ಷೆಗೆ ಇಳಿದರು. ನೆಲದ ಮೇಲಿಟ್ಟ ಆಂಟೆನಾಕ್ಕೆ ಒಂದು ತೊಡಕಿದೆ: ಕೆಳಗಿನ ಮಣ್ಣು, ಬಂಡೆ, ತೇವ ಪದರಪದರವಾಗಿದ್ದು, ಅಲೆಗಳು ಅಲ್ಲಿಂದ ಪ್ರತಿಫಲಿಸಿ ಸಂಕೇತವನ್ನು ಹೋಲುವ ಏರಿಳಿತ ಹುಟ್ಟಿಸಬಹುದು. ನೀರಾದರೆ ಒಂದೇ ಸಮ. ಹಾಗಾಗಿ ಅವರು ಆಂಟೆನಾವನ್ನು ತೆಪ್ಪದ ಮೇಲೆ ತೇಲಿಬಿಟ್ಟರು. 2020ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಕಡೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ. ನಮ್ಮದೇ ಗೆಲಾಕ್ಸಿಯ ರೇಡಿಯೊ ಗದ್ದಲ ಹುಡುಕುತ್ತಿರುವ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. 88 ಮೆಗಾಹರ್ಟ್ಸ್‌ನಿಂದ ಎಫ್‌ಎಂ ಹಾಡುಗಳ ಕಾಟ ಬೇರೆ. ಇಷ್ಟರ ನಡುವೆ ಅಳೆದು, ಎಡ್ಜಸ್ ಹೇಳಿದಂಥ ಸಂಕೇತ ಇಲ್ಲಿ ಕಾಣುವುದಿಲ್ಲ ಎಂದು ಶೇಕಡಾ 95.3 ವಿಶ್ವಾಸದೊಂದಿಗೆ 2022ರ ಫೆಬ್ರವರಿಯಲ್ಲಿ 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಬರೆದರು. ಇಲ್ಲ ಎಂದು ಹೇಳುವುದಕ್ಕೂ ಎಷ್ಟು ದುಡಿಮೆ ಬೇಕು ನೋಡಿ!

ಮಷೀನ್ ಲರ್ನಿಂಗ್ ಬಂದದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಸಂಕೇತ ಇಲ್ಲ ಎಂದಾದರೆ, ಆ ಕಾಲದ ಗೆಲಾಕ್ಸಿಗಳು ಹೇಗಿದ್ದಿರಲಾರವು? ಒಂದೊಂದು ಬಗೆಯ ವಿಶ್ವವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬೆಳೆಸಿ ಹೋಲಿಸುತ್ತ ಕುಳಿತರೆ ಕಾಲ ಸಾಲದು. ಕೇಂಬ್ರಿಡ್ಜ್‌ನವರು ಗ್ಲೋಬಲ್‌ಎಮು ಎಂಬ ನ್ಯೂರಲ್ ನೆಟ್‌ವರ್ಕ್ ಮಾಡಿದ್ದರು. ಮೊದಲೇ ಬೆಳೆಸಿಟ್ಟ ಅನೇಕ ಮಾದರಿ ವಿಶ್ವಗಳನ್ನು ತೋರಿಸಿ ಅದಕ್ಕೆ ಕಲಿಸಿದರೆ, ಹೊಸದೊಂದಕ್ಕೆ ಸಂಕೇತ ಹೇಗಿರುತ್ತದೆ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ಅದನ್ನು ಸರಸ್‌ನ ಅಳತೆಯ ಪಕ್ಕದಲ್ಲಿಟ್ಟು, ರೇಡಿಯೊ ಅಲೆಗಳನ್ನು ವಿಪರೀತವಾಗಿ ಚೆಲ್ಲುವಂಥ ಗೆಲಾಕ್ಸಿಗಳು ಆ ಕಾಲದಲ್ಲಿ ಇದ್ದಿರಲಾರವು ಎಂದು ಅದೇ 2022ರಲ್ಲಿ ತೋರಿಸಿದರು. ಮಾವನ ಪ್ರಶ್ನೆ ಇಲ್ಲಿಯೂ ನಿಲ್ಲುತ್ತದೆ. ಆ ಜಾಲ ಕಲಿತದ್ದು ಮನುಷ್ಯರು ಕಲ್ಪಿಸಿ ಬೆಳೆಸಿದ ವಿಶ್ವಗಳ ಮೇಲೆ. ಕಲ್ಪನೆಗೆ ಬಾರದ ವಿಶ್ವ ಅದಕ್ಕೂ ಗೊತ್ತಿಲ್ಲ. ಆದ್ದರಿಂದಲೇ ತೆಪ್ಪ, ಆಂಟೆನಾ, ನೀರು, ಅಳೆಯುವ ಮನುಷ್ಯ ಇವೆಲ್ಲ ಬೇಕು.

ನಮ್ಮ ಕಡೆಯ ಮಕ್ಕಳು ಈ ವಿಷಯಕ್ಕೆ ಬರಬೇಕೆಂದು ನನಗೆ ಬಹಳ ಆಸೆ. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಇದಕ್ಕೆ ಬೆಂಗಳೂರಿಗೆ ಹೋಗಬೇಕಾ?" ಮುಂದೆ ಒಂದು ದಿನ ಹೋಗಬೇಕಾದೀತು. ಶುರು ಮಾಡುವುದಕ್ಕಂತೂ ಬೇಕಿಲ್ಲ. ಎರಡನೇ ಪಿಯುಸಿಯ ಭೌತವಿಜ್ಞಾನ, ಗಣಿತ ಗಟ್ಟಿಯಾಗಿದ್ದು, ಸ್ವಲ್ಪ ಪೈಥಾನ್ ಬಂದರೆ ಮೊದಲ ಪಟ್ಟಿ ತೆರೆಯಬಹುದು. ಪಟ್ಟಿ ಇಳಿಸಿದ ದಿನವೇ ಯಂತ್ರಕ್ಕೆ ಕಲಿಸಲು ಹೋಗಬೇಡಿ. ಮೊದಲು ಒಂದೊಂದು ಕಾಲಂನ ನಕ್ಷೆ ಬಿಡಿಸಿ. ಎಲ್ಲಿ ಗುಂಪಾಗಿದೆ, ಎಲ್ಲಿ ಖಾಲಿ ಇದೆ ನೋಡಿ. ಋಣ ಚಿಹ್ನೆಯ ಸಾಲುಗಳನ್ನು ಆರಿಸಿಕೊಂಡು ಆ ಗೆಲಾಕ್ಸಿಗಳ ಚಿತ್ರ ನೋಡಿ. ಸರಳ ರೇಖೆಯೊಂದನ್ನು ಎಳೆದು ಅದು ಎಷ್ಟು ಹೇಳುತ್ತದೆ ಎಂದು ಅಳೆದುಕೊಂಡ ಮೇಲೆ ಮರಗಳಿಗೆ ಬನ್ನಿ, ಆಮೇಲೆ ನ್ಯೂರಲ್ ಜಾಲಗಳಿಗೆ. ಯಂತ್ರ ತಪ್ಪಿದ ಸಾಲುಗಳನ್ನು ಬೇರೆ ಇಟ್ಟು, ಅವುಗಳ ಚಿತ್ರ ಒಂದೊಂದಾಗಿ ತೆರೆಯಿರಿ. ಅಲ್ಲಿ ಎರಡು ಗೆಲಾಕ್ಸಿ ಒಂದರ ಮೇಲೊಂದು ಬಿದ್ದಿರಬಹುದು, ಪಕ್ಕದ ನಕ್ಷತ್ರದ ಬೆಳಕು ಸೋರಿರಬಹುದು. ಭೌತವಿಜ್ಞಾನ ಕಲಿಯುವುದು ಅಲ್ಲಿಯೇ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಾಲೇಜುಗಳ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಲ್ಯಾಬಿನ ಒಂದು ಕಂಪ್ಯೂಟರನ್ನು ವಾರಕ್ಕೊಂದು ಸಂಜೆ ಇದಕ್ಕೆ ಬಿಟ್ಟುಕೊಡಿ. ಮೂರೂ ವಿಷಯದವರು ಒಟ್ಟಿಗೆ ಕುಳಿತುಕೊಳ್ಳಿ, ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ. ಸ್ಲೋನ್ ಸರ್ವೆಯ ಪಟ್ಟಿಗೆ ದುಡ್ಡಿಲ್ಲ, ಪೈಥಾನ್‌ಗೆ ದುಡ್ಡಿಲ್ಲ. ಈ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದು.